“ಯಾರಿಗೂ ಹೇಳಬೇಡಿ ಸಾರ್” ಎಂದ ಸಿಸ್ಟರ್

ಮಾನ್ಯ ಸಂಪಾದಕರೇ,

ಹೋದ ಮಳೆಗಾಲದಲ್ಲಿ ನಮ್ಮ ಅವ್ವನಿಗೆ ನ್ಯುಮೋನಿಯಾ ಆಗಿ ಹಾಸನ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು. ಯಾವ ಆಸ್ಪತ್ರೆ, ಯಾವ ವಾರ್ಡು ಎಂದು ಬರೆಯುವುದಿಲ್ಲ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ. ಅವ್ವ ಹುಷಾರಾಗಿ ಮನೆಗೆ ಬಂದಿದ್ದಾಳೆ. ಯಾರೂ ಒಂದು ಪೈಸೆ ಕೇಳಲಿಲ್ಲ, ಔಷಧಿ ಹೊರಗೆ ತನ್ನಿ ಎಂದು ಚೀಟಿ ಕೊಡಲಿಲ್ಲ, ಡಾಕ್ಟರು ದಿನಕ್ಕೆ ಎರಡು ಸಲ ಬಂದು ನೋಡಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಓದಿ ಯಾರೂ ಸರ್ಕಾರಿ ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು.

ನಾಲ್ಕನೇ ದಿನ ಕಿಟಕಿ ಪಕ್ಕದಲ್ಲಿ ಮಳೆ ನೀರು ಸೋರಲು ಶುರುವಾಯಿತು. ಮಧ್ಯಾಹ್ನ ಮಂಚಗಳನ್ನು ಅದಲು ಬದಲು ಮಾಡಿದರು. ಹನ್ನೊಂದನೇ ಬೆಡ್‌ನಲ್ಲಿದ್ದ ಅವ್ವ ಹದಿನಾಲ್ಕಕ್ಕೆ ಬಂದಳು, ಹದಿನಾಲ್ಕರಲ್ಲಿದ್ದ ಆಲೂರು ಕಡೆಯ ಅಜ್ಜಿ ಹನ್ನೊಂದಕ್ಕೆ ಹೋದರು. ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಒಬ್ಬರೇ. ಮೂವತ್ತಕ್ಕಿಂತ ಜಾಸ್ತಿ ರೋಗಿಗಳು, ಅದರ ಜೊತೆಗೆ ಆಗಷ್ಟೇ ಬಂದ ಎರಡು ಹೊಸ ಅಡ್ಮಿಷನ್. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಬೆಳಗಿನ ಬೆಡ್ ನಂಬರುಗಳೇ ಇದ್ದವು.

ಸಿರಿಂಜು ಹಿಡಿದು ಬಂದವರು ಆ ಅಜ್ಜಿಯ ಹೆಸರು ಹೇಳಿ “ನೀವೇ ಅಲ್ವಾ?” ಎಂದರು. ನಮ್ಮ ಅವ್ವನಿಗೆ ಕಿವಿ ಮಂದ. ಆಸ್ಪತ್ರೆಯಲ್ಲಿ ಯಾರು ಏನು ಕೇಳಿದರೂ “ಹ್ಞೂಂ” ಅನ್ನುತ್ತಾಳೆ. ಆಗಲೂ ಹ್ಞೂಂ ಅಂದಳು. ನಾನು ಪಕ್ಕದಲ್ಲಿ ಫ್ಲಾಸ್ಕಿನಿಂದ ಗಂಜಿ ಬಗ್ಗಿಸುತ್ತಿದ್ದೆ, ಸುಮ್ನೆ ಕೇಳಿದೆ, “ಇದೇನು ಇಂಜೆಕ್ಷನ್ ಸಿಸ್ಟರ್?” ಎಂದು. “ಶುಗರ್‌ಗೆ” ಎಂದರು. “ಅವ್ವನಿಗೆ ಶುಗರ್ ಇಲ್ವಲ್ಲ!”

ಅವರ ಕೈ ಅಲ್ಲೇ ನಿಂತಿತು. ಸಿರಿಂಜನ್ನು ಟ್ರೇಗೆ ಇಟ್ಟು, ಕೇಸ್ ಶೀಟು ತಿರುಗಿಸಿ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಅದು ಇನ್ಸುಲಿನ್. ಎರಡು ದಿನದಿಂದ ಸರಿಯಾಗಿ ಊಟ ಸೇರದ, ಸಕ್ಕರೆ ಕಾಯಿಲೆಯೇ ಇಲ್ಲದ ಮುದುಕಿಗೆ ರಾತ್ರಿ ಅದು ಬಿದ್ದಿದ್ದರೆ ಬೆಳಗಿನ ಹೊತ್ತಿಗೆ ಏನಾಗುತ್ತಿತ್ತೋ, ಬರೆಯಲು ಕೈ ಬರುವುದಿಲ್ಲ. ಅರ್ಧ ಗಂಟೆ ಬಿಟ್ಟು ಆ ಸಿಸ್ಟರ್ ಮತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ದಯವಿಟ್ಟು ಯಾರಿಗೂ ಹೇಳಬೇಡಿ ಸಾರ್. ಹೊರಗುತ್ತಿಗೆ ಕೆಲಸ ನಂದು.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತು ಉಳಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಅದಕ್ಕೇ ಹೆಸರು ದಿನಾಂಕ ಏನೂ ಇಲ್ಲ. ಆದರೆ ಅಂದಿನಿಂದ ನನ್ನನ್ನು ಕೊರೆಯುತ್ತಿರುವುದು ಅದೇ ಮಾತು. ನಾವಿಬ್ಬರೂ ಸುಮ್ಮನಿದ್ದ ಕಾರಣ ಬೆಳಗ್ಗೆ ಬಂದ ಡಾಕ್ಟರಿಗೆ ಗೊತ್ತಾಗಲಿಲ್ಲ, ಮೇಲಿನ ಅಧಿಕಾರಿಗಳಿಗೂ ಗೊತ್ತಾಗಲಿಲ್ಲ, ಪಕ್ಕದ ವಾರ್ಡಿನ ಸಿಸ್ಟರ್‌ಗೂ ಗೊತ್ತಾಗಲಿಲ್ಲ. ಮಂಚ ಬದಲಾದರೆ ಪಟ್ಟಿಯೂ ಬದಲಾಗಬೇಕು ಎಂಬ ಇಷ್ಟು ಸಣ್ಣ ಪಾಠ ಆ ರಾತ್ರಿಯೇ ಮಣ್ಣುಪಾಲಾಯಿತು. ಇನ್ನೊಂದು ಮಳೆಗೆ, ಇನ್ನೊಬ್ಬರ ಅವ್ವನ ಪಕ್ಕ ಕೇಳುವ ಮಗ ಇಲ್ಲದಿದ್ದರೆ?

ಆ ಸಿಸ್ಟರ್ ಹೆದರಿದ್ದರಲ್ಲಿ ತಪ್ಪೇನಿದೆ ಹೇಳಿ. ನಮ್ಮಲ್ಲಿ ಆಸ್ಪತ್ರೆಯಲ್ಲಿ ಏನೇ ಅನಾಹುತ ಆಗಲಿ, ಮೊದಲು ಬರುವುದು ಅಮಾನತಿನ ಆದೇಶ. ಪತ್ರಿಕೆಯಲ್ಲಿ ‘ನರ್ಸ್ ನಿರ್ಲಕ್ಷ್ಯ’ ಎಂದು ದಪ್ಪ ಅಕ್ಷರದ ತಲೆಬರಹ. ಅಲ್ಲಿಗೆ ಕತೆ ಮುಗಿಯಿತು. ಒಬ್ಬರಿಗೆ ಅಷ್ಟೊಂದು ರೋಗಿಗಳನ್ನು ಒಪ್ಪಿಸಿದ್ದು ಯಾರು, ಸೋರುವ ಗೋಡೆ ರಿಪೇರಿ ಮಾಡದವರು ಯಾರು, ಡ್ಯೂಟಿ ಬದಲಾಗುವಾಗ ಬೆಡ್ ಪಕ್ಕ ನಿಂತು ಒಬ್ಬೊಬ್ಬ ರೋಗಿಯನ್ನೂ ತೋರಿಸಿ ಒಪ್ಪಿಸುವ ಪದ್ಧತಿ ಯಾಕೆ ಇರಲಿಲ್ಲ, ಇವನ್ನೆಲ್ಲ ಕೇಳುವವರೇ ಇಲ್ಲ. ಬೇಕೆಂದೇ ಔಷಧಿ ಕದ್ದವರನ್ನು, ಕುಡಿದು ಡ್ಯೂಟಿಗೆ ಬಂದವರನ್ನು ಶಿಕ್ಷಿಸಲಿ, ಬೇಡ ಅನ್ನುವುದಿಲ್ಲ. ದಣಿದ ಕೈ ತಪ್ಪುವುದು ಬೇರೆ ವಿಷಯ.

ಇದು ನಮ್ಮ ಊರಿಗೊಂದೇ ಬಂದ ಕಷ್ಟವಲ್ಲ. ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಹೀಗೆ ಚಿಕಿತ್ಸೆಯಿಂದಲೇ ತೊಂದರೆಯಾಗುವ ಪ್ರಕರಣಗಳು ವರ್ಷಕ್ಕೆ 13 ಕೋಟಿ 40 ಲಕ್ಷ, ಅದರಿಂದ ಆಗುವ ಸಾವು 26 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ಸಂಸ್ಥೆ 2007ರಲ್ಲೇ ಹೇಳಿದೆ: ಔಷಧಿ ಕೊಡುವ ಮೊದಲು ರೋಗಿಯನ್ನು ಕಡೇಪಕ್ಷ ಎರಡು ಗುರುತಿನಿಂದ ಖಾತ್ರಿ ಮಾಡಿಕೊಳ್ಳಿ, ರೂಮ್ ನಂಬರನ್ನು ಗುರುತು ಎಂದು ಲೆಕ್ಕ ಹಿಡಿಯಬೇಡಿ. ಹೆಸರು ನಾವು ಹೇಳಿ “ನೀವೇ ಅಲ್ವಾ” ಎನ್ನಬಾರದು, “ನಿಮ್ಮ ಹೆಸರೇನು?” ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು. ಹೇಳಲಾಗದವರಿಗೆ ಕೈಪಟ್ಟಿ. ಅವ್ವನಂತೆ ಕಿವಿ ಕೇಳದವರಿದ್ದಾರೆ, ಜ್ವರದಲ್ಲಿ ಮಂಪರು ಬಂದವರಿದ್ದಾರೆ. ಅಸ್ಸಾಂ ಕಡೆಯಿಂದ ನಮ್ಮ ಕಾಫಿ ತೋಟಗಳಿಗೆ ಬಂದವರಿಗೆ ಕನ್ನಡವೇ ಬಾರದು, ಅವರು ಎಲ್ಲಕ್ಕೂ ತಲೆ ಆಡಿಸುತ್ತಾರೆ. ಹೆರಿಗೆ ವಾರ್ಡಿನಲ್ಲಿ ಕೂಸಿನ ಕೈಗೆ ಪಟ್ಟಿ ಕಟ್ಟುತ್ತೇವೆ ಅಲ್ವಾ? ದೊಡ್ಡವರಿಗೂ ಕಟ್ಟಿದರೆ ಏನು ಖರ್ಚು?

ಇನ್ಸುಲಿನ್ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೂ ಬೇಕಾಗುತ್ತದೆ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಇದೆ, 100 ಯೂನಿಟ್ ಇರುವುದೂ ಇದೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಔಷಧಿಯನ್ನು ಕೆಂಪು ಮುಚ್ಚಳದ್ದರಲ್ಲಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಒಳಗೆ ಹೋಗುತ್ತದೆ. ಮುಚ್ಚಳದ ಬಣ್ಣ ನೋಡದಷ್ಟು ಅವಸರ ಇದ್ದರೆ ಸಾಕು, ಅದರಲ್ಲಿ ಕೆಟ್ಟ ಮನಸ್ಸು ಬೇಕಿಲ್ಲ.

ಎಲ್ಲ ತಪ್ಪೂ ವಾರ್ಡಿನಲ್ಲೇ ಹುಟ್ಟುವುದೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಹೋಗಿದ್ದು ಡ್ರಿಪ್ ಬಾಟಲಿಯ ಮೇಲೆ. ಯಾರಿಗೆ ಯಾವ ಬ್ಯಾಚಿನ ಬಾಟಲಿ ಹಾಕಿದರು ಎಂದು ಕೇಸ್ ಶೀಟಿನಲ್ಲಿ ಬರೆದಿಡುವುದು ಎಷ್ಟು ಮುಖ್ಯ ಎಂದು ಅದರಿಂದಲಾದರೂ ಕಲಿಯಬೇಕು. ನಾನಿದ್ದ ಒಂಬತ್ತು ದಿನದಲ್ಲಿ ಅವ್ವನ ಶೀಟಿನಲ್ಲಿ ಒಂದು ಬ್ಯಾಚ್ ನಂಬರೂ ನೋಡಲಿಲ್ಲ.

ದುಡ್ಡಿಲ್ಲ, ಸಿಬ್ಬಂದಿ ಇಲ್ಲ ಎಂದು ಮೇಲಿನವರು ಹೇಳುತ್ತಾರೆ. ಸಿಬ್ಬಂದಿ ಬೇಕೇ ಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆದರೆ ಕಾಗದದ ಕೆಲಸವೂ ಜೀವ ಉಳಿಸುತ್ತದೆ. ಆಪರೇಷನ್‌ಗೆ ಮುಂಚೆ, ಮಧ್ಯೆ, ಆಮೇಲೆ ಕೇಳಿಕೊಳ್ಳಬೇಕಾದ 19 ಅಂಶಗಳ ಒಂದು ಪುಟದ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಆ ಪಟ್ಟಿಯಲ್ಲಿರುವುದೂ ಇಂಥವೇ: ಇವರು ಯಾರು, ಯಾವ ಕಡೆಯ ಕಾಲು, ಯಾವ ಔಷಧಿ ಒಗ್ಗುವುದಿಲ್ಲ, ಬಟ್ಟೆ ಸೂಜಿ ಎಲ್ಲ ಎಣಿಸಿದಿರಾ.

ನಮ್ಮ ಹಾಸನ ಜಿಲ್ಲೆಯ ಪ್ರತಿ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲೂ ಒಂದು ನೋಟ್ ಬುಕ್ ಇಡಲಿ ಎಂಬುದು ನನ್ನ ಬೇಡಿಕೆ. ಆಗಿಬಿಡುತ್ತಿದ್ದ, ಆದರೆ ತಪ್ಪಿಹೋದ ಅನಾಹುತಗಳನ್ನು ಅದರಲ್ಲಿ ಹೆಸರಿಲ್ಲದೆ ಬರೆಯಲಿ. ಬರೆದವರ ಮೇಲೆ ಕ್ರಮ ಇಲ್ಲ ಎಂದು ಜಿಲ್ಲಾ ಶಸ್ತ್ರಚಿಕಿತ್ಸಕರೋ ಜಿಲ್ಲಾ ಆರೋಗ್ಯಾಧಿಕಾರಿಗಳೋ ಲಿಖಿತವಾಗಿ ಕೊಡಲಿ. ತಿಂಗಳಿಗೊಮ್ಮೆ ಕೂತು ಓದಿ ಏನು ಬದಲಾಯಿಸಿದೆವು ಎಂದು ಗೋಡೆಗೆ ಅಂಟಿಸಲಿ. ಕೇಂದ್ರ ಸರ್ಕಾರ 2018ರಲ್ಲಿ ರೋಗಿ ಸುರಕ್ಷತೆಗೆ ಹಾಕಿಕೊಂಡ ಚೌಕಟ್ಟಿನಲ್ಲೂ ಹೀಗೆ ವರದಿ ಮಾಡಿ ಕಲಿಯುವ ಮಾತಿದೆ, ನಾನು ಹೊಸದೇನೂ ಕೇಳುತ್ತಿಲ್ಲ.

ಆ ರಾತ್ರಿ ಅದೇ ಸಿಸ್ಟರ್ ಹತ್ತಿರ ಒಂದು ತುಂಡು ಪ್ಲಾಸ್ಟರ್ ಕೇಳಿ ಇಸಿದುಕೊಂಡು, ಪೆನ್ನಿನಲ್ಲಿ ಅವ್ವನ ಹೆಸರು, ಒಳರೋಗಿ ನಂಬರು, ‘ಶುಗರ್ ಇಲ್ಲ’ ಎಂದು ಬರೆದು ಮಣಿಕಟ್ಟಿಗೆ ಅಂಟಿಸಿದೆ. ಬೆಳಗ್ಗೆ ಹನ್ನೊಂದನೇ ಬೆಡ್ಡಿನ ಅಜ್ಜಿಯ ಸೊಸೆ ಬಂದು, “ಅಣ್ಣಾ, ನಮ್ಮತ್ತೆಗೂ ಒಂದು ಬರೆದುಕೊಡಿ” ಎಂದರು. ಮಧ್ಯಾಹ್ನದ ಹೊತ್ತಿಗೆ ಆರು ಜನರಿಗೆ ಬರೆದುಕೊಟ್ಟಿದ್ದೆ. ಹಗಲು ಡ್ಯೂಟಿಯ ಸಿಸ್ಟರ್ ನೋಡಿ ಏನೂ ಅನ್ನಲಿಲ್ಲ, ಮೇಜಿನ ಮೇಲೆ ಪ್ಲಾಸ್ಟರಿನ ಸುರುಳಿ ಇಟ್ಟು ಹೋದರು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮುಂದೆ ಯಾವುದಾದರೂ ಆಸ್ಪತ್ರೆಯಲ್ಲಿ ಇಂಥದ್ದು ನಡೆದರೆ ನಿಮ್ಮ ವರದಿಗಾರರು ಅಮಾನತಾದವರ ಹೆಸರಿನ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ ಬರಲಿ: ಆ ಹೊತ್ತಿನಲ್ಲಿ ಆ ವಾರ್ಡಿನಲ್ಲಿ ರೋಗಿಗಳು ಎಷ್ಟು, ಸಿಸ್ಟರ್‌ಗಳು ಎಷ್ಟು?

ಇಂತಿ,
ಒಬ್ಬ ಓದುಗ,
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ