ಹಳೆಯ ಹಾಯಿದೋಣಿ: ಹೊಳಪು ನೋಡಿ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ನಡೆಸುವುದನ್ನು ಕಂಡು ಈ ಕ್ರೀಡೆಗೆ ಮನಸೋತವರು, ಹೊಸ ದೋಣಿಯ ಬೆಲೆ ಕೈಗೆಟುಕದೆ ಹಳೆಯದನ್ನು ಹುಡುಕುವುದು ಸಹಜ. ಆದರೆ ಹೊಸದಾಗಿ ಬಳಿದ ಬಣ್ಣ ಬಹಳಷ್ಟನ್ನು ಮುಚ್ಚಿಡುತ್ತದೆ.

1996ರಿಂದ ಒಲಿಂಪಿಕ್ಸ್‌ನಲ್ಲಿರುವ, ಒಬ್ಬರೇ ನಡೆಸುವ ಲೇಸರ್ ದೋಣಿಯನ್ನೇ ತೆಗೆದುಕೊಳ್ಳೋಣ. ಸುಮಾರು 4.2 ಮೀಟರ್ ಉದ್ದದ ಇದರ ಒಡಲು ಅಂದಾಜು 59 ಕೆ.ಜಿ. ತೂಗಬೇಕು, ಅದಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೆ ಒಳಗೆ ನೀರು ಸೇರಿದೆಯೇ ಎಂದು ಶಂಕಿಸಲೇಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕಂಬ ಕೂರುವ ಗುಳಿ. ಗಾಳಿಯ ಒತ್ತಡವೆಲ್ಲ ಅಲ್ಲಿಗೇ ಬೀಳುವುದರಿಂದ, ಗುಳಿಗೆ ನೀರು ತುಂಬಿ, ಮಟ್ಟವನ್ನು ಗುರುತಿಸಿ, ಸ್ವಲ್ಪ ಹೊತ್ತು ಕಾದು ನೋಡಬೇಕು. ನೀರು ಇಳಿದರೆ ಅದು ಒಡಲೊಳಗೆ ಸೋರುತ್ತಿದೆಯೆಂದೇ ಅರ್ಥ. ಹಾಗೆ ದುರ್ಬಲಗೊಂಡ ಗುಳಿ ಬಿರುಗಾಳಿಯಲ್ಲಿ ಕಿತ್ತುಬಂದರೆ ನಡುನೀರಿನಲ್ಲಿರುವ ಹೊಸಬರ ಗತಿಯೇನು? ಮೇಲ್ಭಾಗವನ್ನು ಅಂಗೈಯಿಂದ ಒತ್ತುತ್ತಾ ಹೋದಾಗ ಎಲ್ಲಿ ಮೆತ್ತಗೆ ಕುಸಿಯುತ್ತದೆಯೋ ಅಲ್ಲಿ ಫೈಬರ್ ಗ್ಲಾಸ್ ಪದರ ಒಳಗಿನ ಫೋಮ್‌ನಿಂದ ಬೇರ್ಪಟ್ಟಿರಬಹುದು. ಹಾಯಿ ಜೋತುಬಿದ್ದಿದ್ದರೆ ಅಥವಾ ಹಗ್ಗ ಸವೆದಿದ್ದರೆ ಚಿಂತೆಯಿಲ್ಲ, ಅವನ್ನು ಬದಲಿಸಬಹುದು. ಚುಕ್ಕಾಣಿ ಹಿಡಿದಿರುವ ತಿರುಪುಗಳು ಸಡಿಲವಾಗಿದ್ದರೆ ಮಾತ್ರ ಅವುಗಳ ಹಿಂದಿನ ಭಾಗ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು.

ಈ ನೀರಿನ ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೆ ಮುಂಗಡ ಕೊಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಹಾಯಿದೋಣಿ ಕ್ಲಬ್‌ಗಳು ಅನುಭವಿಯೊಬ್ಬರನ್ನು ಖರೀದಿದಾರರ ಜೊತೆ ಕಳುಹಿಸುವ ವ್ಯವಸ್ಥೆ ಮಾಡಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

– ಓದುಗ, ಬೆಂಗಳೂರು