ಘಟ್ಟದ ಒದ್ದೆ ಟಾರಿಗೆ ಯಾವ ಗಾಡಿ?

ಮಾನ್ಯ ಸಂಪಾದಕರೇ,

ಕಳೆದ ವಾರದ ವಾಹನ ಪುರವಣಿಯಲ್ಲಿ ಮಲೆನಾಡಿನವರಿಗೆಂದು ಕೊಟ್ಟ ಸಲಹೆ ಓದಿದೆ. ಲಾರಿಯಂತೆ ಛಾಸಿ ಎಂಬ ಗಟ್ಟಿ ಚೌಕಟ್ಟಿನ ಮೇಲೆ ಕೂರಿಸಿದ, ಫೋರ್ ವೀಲ್ ಡ್ರೈವ್ ಇರುವ ದೊಡ್ಡ ಎಸ್‌ಯುವಿಯನ್ನೇ ಕಣ್ಣುಮುಚ್ಚಿ ಕೊಳ್ಳಿ, ಕಾರಿನ ಮೈಕಟ್ಟಿನ ಆಲ್ ವೀಲ್ ಡ್ರೈವ್ ಗಾಡಿಗಳು ಪೇಟೆಯವರ ಶೋಕಿಗೆ ಎಂಬುದು ಅದರ ಸಾರ. ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟ ನೋಡಿಕೊಳ್ಳುವ, ಮನೆಯ ಗಾಡಿಯನ್ನು ಸ್ವತಃ ಓಡಿಸುವ ನಾನು ಈ ಸಲಹೆಯನ್ನು ಒಪ್ಪಲಾರೆ. ಬರೀ ಇಷ್ಟಾನಿಷ್ಟದ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಇದನ್ನು ನಂಬಿ ಸಾಲ ಮಾಡಿ ಗಾಡಿ ಕೊಳ್ಳುವವರು ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ, ಅವರ ಮಕ್ಕಳು ಅದನ್ನು ಚಾರ್ಮಾಡಿಯಲ್ಲಿ ಓಡಿಸುತ್ತಾರೆ.

ನಮ್ಮ ಮನೆಯಂಗಳದಿಂದ ಟಾರು ರಸ್ತೆಗೆ ಇರುವುದು ಅರ್ಧ ಮೈಲಿಯಷ್ಟು ಮಣ್ಣಿನ ದಾರಿ. ಏರು ಬಂದಲ್ಲಿ ಎರಡು ಗಾಲಿಗಳಿಗೆ ಸಾಕಾಗುವಷ್ಟು ಕಾಂಕ್ರೀಟ್ ಪಟ್ಟಿ ಹಾಕಿಸಿದ್ದೇವೆ. ಅದು ಮುಗಿದ ಮೇಲೆ ಮೂಡಿಗೆರೆಯ ಸಂತೆಗೆ ಹೋಗಲಿ, ಹಾಸನಕ್ಕೆ ಹೋಗಲಿ, ಕೊಟ್ಟಿಗೆಹಾರ ದಾಟಿ ಘಟ್ಟ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋಗಲಿ, ಚಕ್ರದ ಕೆಳಗೆ ಇರುವುದು ಟಾರೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಟಾರು. ಅದರ ಮೇಲೆ ಮಂಜು, ಕೊಚ್ಚಿ ಬಂದ ಮಣ್ಣು, ಮರದಿಂದುದುರಿದ ಎಲೆ. ಮಲೆನಾಡೆಂದರೆ ಬರೀ ಕೆಸರು ಎಂದುಕೊಂಡು ಗಾಡಿ ಆರಿಸುವವರು ಮನೆಯವರೆಲ್ಲ ಕೂತು ಹೋಗುವ ಈ ದಾರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪುರವಣಿಯವರು ಬರೆಯದೆ ಬಿಟ್ಟ ಮುಖ್ಯ ಸಂಗತಿಯೊಂದಿದೆ. ಥಾರ್, ಸ್ಕಾರ್ಪಿಯೊ-ಎನ್, ಫಾರ್ಚೂನರ್, ಜಿಮ್ನಿ ಇವೆಲ್ಲವುಗಳಲ್ಲಿ ಇರುವುದು ಬೇಕೆಂದಾಗ ಹಾಕಿಕೊಳ್ಳುವ ಫೋರ್ ವೀಲ್. ಅದನ್ನು ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹೊಡೆಯಬೇಕು. ಕೆಸರಿನಲ್ಲಿ ಚಕ್ರ ಒಂದಿಷ್ಟು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಟಾರು ಚಕ್ರವನ್ನು ಜಾರಲು ಬಿಡುವುದಿಲ್ಲ, ಆದ್ದರಿಂದ ಇಡೀ ಯಂತ್ರ ಒಳಗೊಳಗೇ ಬಿಗಿದುಕೊಳ್ಳುತ್ತದೆ, ಟೈರು ಸವೆಯುತ್ತದೆ, ಸ್ಟೀರಿಂಗ್ ಜಗ್ಗುತ್ತದೆ. ನನ್ನ ಮಾವನವರು ತೋಟದ ಹಳೆಯ ಎಂಎಂ 540 ಜೀಪಿನಲ್ಲಿ ನನಗೆ ಓಡಿಸಲು ಕಲಿಸಿದಾಗ ಮೊದಲು ಹೇಳಿದ್ದೇ ‘ಟಾರು ಬಂತೆಂದರೆ ಫೋರ್ ವೀಲ್ ತೆಗೆ’ ಎಂದು. ಊರಿನ ಜೀಪು ಚಾಲಕರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಅಂದರೆ ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ, ಆಗುಂಬೆಯ ತಿರುವುಗಳಲ್ಲಿ ಹೆಚ್ಚು ದುಡ್ಡು ಕೊಟ್ಟು ಕೊಂಡ ಆ ಫೋರ್ ವೀಲ್ ಬಳಕೆಗೇ ಬರುವುದಿಲ್ಲ. ಸುಮಾರು ಎರಡು ಟನ್‌ವರೆಗೂ ತೂಗುವ ಗಾಡಿ ಅಲ್ಲಿ ಹಿಂದಿನ ಎರಡು ಚಕ್ರಗಳ ಬಲದಿಂದಷ್ಟೇ ಏರುತ್ತದೆ. ಹಿಂಬದಿಯಲ್ಲಿ ಹೊರೆ ಇಲ್ಲದಿದ್ದರೆ, ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಹೆಚ್ಚು ಒತ್ತಿದರೂ ಬಾಲ ಪಕ್ಕಕ್ಕೆ ಸರಿಯಲು ನೋಡುತ್ತದೆ. ಈಗಿನ ಗಾಡಿಗಳ ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದನ್ನು ಬಹಳಷ್ಟು ತಡೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಫೋರ್ ವೀಲ್ ಎಂದು ಬೆನ್ನ ಮೇಲೆ ಬರೆದುಕೊಂಡ ಗಾಡಿ ಘಟ್ಟದಲ್ಲೂ ನಾಲ್ಕು ಚಕ್ರದಲ್ಲಿ ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ವೇಗ ಹೆಚ್ಚಿಸುವ ಹುಡುಗರನ್ನು ಮಳೆಗಾಲದಲ್ಲಿ ನೋಡಿ ಎದೆ ಝಲ್ಲೆನ್ನುತ್ತದೆ.

ಆಲ್ ವೀಲ್ ಡ್ರೈವ್ ಬೇರೆಯದೇ ಬಗೆ. ನಮ್ಮಲ್ಲಿ ಸಿಗುವ ಸಾಧಾರಣ ಬೆಲೆಯ ಗಾಡಿಗಳಲ್ಲಿ ಎಂಜಿನ್ ಮಾಮೂಲಿಯಾಗಿ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಅವು ಜಾರುವ ಸೂಚನೆ ಸಿಕ್ಕ ಕ್ಷಣ ನಡುವಿನ ಕ್ಲಚ್ ಹಿಂದಿನ ಚಕ್ರಗಳಿಗೂ ಬಲ ಹಂಚುತ್ತದೆ. ಬೇಕಾದಷ್ಟೇ ಹಂಚುವುದರಿಂದ ಟಾರಿನ ಮೇಲೂ ಅದು ಕೆಲಸ ಮಾಡಬಲ್ಲದು, ಚಾಲಕ ಏನನ್ನೂ ಹಾಕಿ ತೆಗೆಯಬೇಕಿಲ್ಲ. ಹಿಮ ಬೀಳುವ ದೇಶಗಳಲ್ಲಿ ಸುಬಾರು ಔಟ್‌ಬ್ಯಾಕ್‌ನಂಥ ತಗ್ಗಿನ, ಉದ್ದ ಚಾವಣಿಯ ವ್ಯಾಗನ್‌ಗಳನ್ನು ಜನ ಮೆಚ್ಚುವುದು ಇದಕ್ಕಾಗಿಯೇ. ಅದೇ ಕಂಪನಿಯ ಫಾರೆಸ್ಟರ್ 2000ದ ದಶಕದ ಆರಂಭದಲ್ಲಿ ಷೆವರ್ಲೆ ಹೆಸರು ಹೊತ್ತು ನಮ್ಮಲ್ಲಿಗೂ ಬಂದಿತ್ತು, ಆದರೆ ಹೆಚ್ಚು ಕಾಲ ನಿಲ್ಲಲಿಲ್ಲ. 2014ರಲ್ಲಿ ಬಂದ ರೆನೊ ಕಂಪನಿಯ ಆಲ್ ವೀಲ್ ಡ್ರೈವ್ ಡಸ್ಟರ್ ಮಲೆನಾಡಿಗೆಂದೇ ಮಾಡಿದಂತಿತ್ತು. ಗಾಡಿಯ ಅಡಿಗೂ ನೆಲಕ್ಕೂ 210 ಮಿ.ಮೀ. ಅಂತರ, ನಿಧಾನಕ್ಕೆ ಏರಲು ತೀರಾ ಚಿಕ್ಕದಾದ ಮೊದಲ ಗೇರು, ಹಿಂದೆ ಪ್ರತಿ ಚಕ್ರಕ್ಕೂ ಬೇರೆಬೇರೆ ಸಸ್ಪೆನ್ಷನ್. ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್-6 ನಿಯಮ ಬಂದಾಗ ಅದರ ಡೀಸೆಲ್ ಎಂಜಿನ್ ಹೋಯಿತು, ಜೊತೆಗೆ ಅದೂ ಹೋಯಿತು. ಇವತ್ತಿಗೂ ನಮ್ಮ ಕಡೆ ಅದನ್ನು ಇಟ್ಟುಕೊಂಡವರು ಮಾರಲು ಒಪ್ಪುವುದಿಲ್ಲ. ಈಗ ಆ ಜಾಗಕ್ಕೆ ಹತ್ತಿರವಾದವು ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟ ಹೈರೈಡರ್ ಮತ್ತು ಅದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾ. ಅವುಗಳಲ್ಲೂ ಆಯ್ದ ಮಾದರಿಗಳಿಗಷ್ಟೇ ಆಲ್ ವೀಲ್ ಡ್ರೈವ್ ಇದೆ ಎಂಬುದನ್ನು ಕೊಳ್ಳುವವರು ಗಮನಿಸಬೇಕು.

ಇದನ್ನೆಲ್ಲ ಕೇಳಿ ತಿಳಿಯೋಣವೆಂದು ಮಳಿಗೆಗಳಿಗೆ ಹೋದರೆ ನಿರಾಸೆಯೇ. ಒಂದು ಕಡೆ ‘ನಿಮ್ಮ ಕಡೆಗೆ ಇದೇ ಸರಿ ಮೇಡಂ’ ಎಂದು ಎತ್ತರದ ಗಾಡಿ ತೋರಿಸಿದ ಯುವಕನಿಗೆ ಫೋರ್ ವೀಲ್ ಹಾಕಿ ಟಾರಿನ ಮೇಲೆ ಓಡಿಸಬಹುದೇ ಎಂದು ಕೇಳಿದೆ. ಓಡಿಸಬಹುದು, ಏನೂ ಆಗದು ಎಂದ. ಇನ್ನೊಂದು ಕಡೆ ಆಲ್ ವೀಲ್ ಡ್ರೈವ್ ಗಾಡಿ ಓಡಿಸಿ ನೋಡಲು ಕೇಳಿದರೆ ಮುಂದಿನ ಚಕ್ರಗಳಿಗಷ್ಟೇ ಬಲ ಕೊಡುವ ಮಾದರಿಯನ್ನು ತಂದು ನಿಲ್ಲಿಸಿ, ಎರಡೂ ಒಂದೇ ಎಂದರು. ಜೀವಮಾನದ ಉಳಿತಾಯ ಹಾಕುವ ಜನರಿಗೆ ಇಂಥ ಉತ್ತರ ಕೊಡುವುದು ನ್ಯಾಯವಲ್ಲ. ಅದಕ್ಕಾಗಿಯೇ ಪತ್ರಿಕೆಯ ಮಾತಿಗೆ ಇಷ್ಟು ತೂಕ.

ಎತ್ತರದ ಬಗ್ಗೆಯೂ ಹೇಳಬೇಕು. ಸ್ಕಾರ್ಪಿಯೊ-ಎನ್‌ನ ಎತ್ತರ 1857 ಮಿ.ಮೀ., ಗ್ರ್ಯಾಂಡ್ ವಿಟಾರಾದ್ದು 1645. ಮಂಡಿ ಶಸ್ತ್ರಚಿಕಿತ್ಸೆಯಾದ ನಮ್ಮ ಅತ್ತೆಯವರಿಗೆ ಮೊದಲನೆಯದನ್ನು ಹತ್ತಲು ಇಬ್ಬರು ಹಿಡಿದುಕೊಳ್ಳಬೇಕು. ಎರಡನೆಯದರಲ್ಲಿ ಅವರೇ ಬಾಗಿಲು ತೆಗೆದು ಕೂರುತ್ತಾರೆ. ತಿರುವಿನಲ್ಲಿ ಎತ್ತರದ ಗಾಡಿ ಹೆಚ್ಚು ವಾಲುತ್ತದೆ, ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುತ್ತದೆ, ಜಾರಿ ಮೋರಿಗೆ ಚಕ್ರ ಬಿದ್ದರೆ ಮಗುಚುವ ಅಪಾಯವೂ ಹೆಚ್ಚು. ಘಟ್ಟ ಇಳಿಯುವಾಗಂತೂ ಆ ಹೆಚ್ಚುವರಿ ತೂಕವನ್ನೆಲ್ಲ ಬ್ರೇಕೇ ಹಿಡಿದು ನಿಲ್ಲಿಸಬೇಕು.

ಹಾಗೆಂದು ಛಾಸಿಯ ಗಾಡಿ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಕಳಸ, ಸಂಸೆಯ ಆಚೆ ಕಡಿದಾದ ಜೇಡಿಮಣ್ಣಿನ ಏರು ಹತ್ತಿ, ಹಳ್ಳಕ್ಕಿಳಿದು ಮನೆ ಸೇರುವ ಕುಟುಂಬಗಳಿವೆ. ಅವರಿಗೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ಗೇರು ಇಲ್ಲದೆ ನಡೆಯುವುದಿಲ್ಲ. ಆಲ್ ವೀಲ್ ಡ್ರೈವ್ ಗಾಡಿಯನ್ನು ಅಂಥ ಏರಿನಲ್ಲಿ ಮತ್ತೆ ಮತ್ತೆ ಒದ್ದಾಡಿಸಿದರೆ ನಡುವಿನ ಕ್ಲಚ್ ಬಿಸಿಯಾಗಿ ಕೈಬಿಡುತ್ತದೆ. ಟ್ರೈಲರ್ ಎಳೆಯುವವರಿಗೆ, ಬೇಲಿಕಂಬ, ಮೈಲುತುತ್ತ, ಸುಣ್ಣದ ಮೂಟೆ ಹೊರುವವರಿಗೆ, ಊರಿನ ಗ್ಯಾರೇಜಿನಲ್ಲೇ ರಿಪೇರಿಯಾಗಬೇಕೆನ್ನುವವರಿಗೆ ಗಟ್ಟಿ ಛಾಸಿಯೇ ಸರಿ. ನಮ್ಮ ತೋಟದಲ್ಲೂ ಆ ಕೆಲಸಕ್ಕೆ ಜೀಪಿದೆ, ಅದನ್ನು ಕೊಡುವ ಮಾತೇ ಇಲ್ಲ. ಆದರೆ ಬಹಳ ಮಂದಿ ಕಾಫಿ ಮೂಟೆಯ ನೆಪ ಹೇಳಿ ದೊಡ್ಡ ಗಾಡಿ ಕೊಳ್ಳುತ್ತಾರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೇ ಮಾರ್ಚ್‌ವರೆಗೆ. ಆ ಹೊತ್ತಿಗೆ ದಾರಿಯೆಲ್ಲ ಒಣಗಿ ಧೂಳು ಏಳುತ್ತಿರುತ್ತದೆ, ಬಾಡಿಗೆಯ ಪಿಕಪ್ ಮನೆ ಬಾಗಿಲಿಗೇ ಬರುತ್ತದೆ. ಛಾಸಿಯ ಗಾಡಿಯೇ ಬೇಕು, ಆದರೆ ಭಾರ ಬೇಡ ಎನ್ನುವ ಚಿಕ್ಕ ಸಂಸಾರಕ್ಕೆ ಸುಮಾರು 1200 ಕೆ.ಜಿ.ಯ ಜಿಮ್ನಿ ಇದೆ. ಹಿಂದೆ ಜಾಗ ಕಡಿಮೆ ಅಷ್ಟೇ.

ಟೈರಿನ ಬಗ್ಗೆ ನಿಮ್ಮ ಪುರವಣಿ ಒಂದು ಸಾಲನ್ನೂ ಬರೆಯಲಿಲ್ಲ. ಆಗಸ್ಟ್ ಹೊತ್ತಿಗೆ ನಮ್ಮ ಕಾಂಕ್ರೀಟ್ ಪಟ್ಟಿಗಳ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಸವೆದ ಟೈರಿದ್ದರೆ ಯಾವ ಡ್ರೈವ್ ಆದರೂ ಅದರ ಮೇಲೆ ನಿಲ್ಲುವುದಿಲ್ಲ. ಕಾರಿನ ಟೈರಿನ ಗೆರೆಯ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ., ಆದರೆ ಮಳೆಗಾಲಕ್ಕೆ ಅದು ಏನೇನೂ ಸಾಲದು. ಈಗ ಹುಡುಗರು ಹಾಕಿಸಿಕೊಳ್ಳುವ ದಪ್ಪ ಗುಬಟಿನ ಕೆಸರು ಟೈರು ಕೆಸರಿನಲ್ಲಿ ಒಳ್ಳೆಯದೇ. ಒದ್ದೆ ಟಾರಿಗೆ ಅದರ ರಬ್ಬರು ತಾಗುವುದೇ ಕಡಿಮೆ, ಬ್ರೇಕು ಹಾಕಿದ ಮೇಲೆ ಗಾಡಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ನಾಲ್ಕು ಚಕ್ರ ತಿರುಗಿಸುವ ಗಾಡಿ ಹೊರಡಲು, ಏರಲು ಸಹಾಯ ಮಾಡುತ್ತದೆ. ನಿಲ್ಲಲು ಮಾಡುವುದಿಲ್ಲ, ಅದು ಜೀಪಾದರೂ ಅಷ್ಟೇ, ವ್ಯಾಗನ್ ಆದರೂ ಅಷ್ಟೇ.

ಇನ್ನು 650 ಮಿ.ಮೀ. ನೀರಿನಲ್ಲಿ ಹಾಯುತ್ತದೆ ಎಂದು ಥಾರ್ ಬಗ್ಗೆ ನೀವು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಅದು ನಿಂತ ನೀರಿನ ಲೆಕ್ಕ. ಹೊರನಾಡಿನ ದಾರಿಯಲ್ಲಿ ಭದ್ರೆಯ ಹೆಬ್ಬಾಳೆ ಸೇತುವೆ ಪ್ರತಿ ಮಳೆಗಾಲ ಮುಳುಗುತ್ತದೆ. ಹರಿಯುವ ನೀರು ಎರಡು ಅಡಿಯಿದ್ದರೆ ಸಾಕು, ಎಸ್‌ಯುವಿಗಳೂ ಸೇರಿ ಹೆಚ್ಚಿನ ಗಾಡಿಗಳನ್ನು ತೇಲಿಸಿಕೊಂಡು ಹೋಗಬಲ್ಲದು. ಆ ಸಂಖ್ಯೆಯ ಪಕ್ಕದಲ್ಲೇ ಈ ಮಾತನ್ನೂ ದಯವಿಟ್ಟು ಅಚ್ಚು ಹಾಕಿ.

ನನ್ನದೊಂದು ಕೋರಿಕೆ. ಮುಂದಿನ ಸಲ ಮಲೆನಾಡಿಗೆ ಗಾಡಿ ಸೂಚಿಸುವ ಮೊದಲು ನಿಮ್ಮ ವರದಿಗಾರರನ್ನು ಜುಲೈ ತಿಂಗಳಲ್ಲಿ ಕಳುಹಿಸಿ. ಎರಡೂ ಬಗೆಯ ಗಾಡಿಗಳಲ್ಲಿ ಐದು ಜನರನ್ನು ಕೂರಿಸಿಕೊಂಡು ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿದು ಮತ್ತೆ ಹತ್ತಲಿ. ಫೋರ್ ವೀಲನ್ನು ಟಾರಿನ ಮೇಲೆ ಹಾಕಬಹುದೋ ಇಲ್ಲವೋ, ಯಾವ ಮಾದರಿಯಲ್ಲಿ ಏನಿದೆ, ಯಾವ ಟೈರು ಬರುತ್ತದೆ, ವಯಸ್ಸಾದವರು ಹತ್ತಬಲ್ಲರೇ ಎಂಬುದನ್ನು ಬರೆಯಲಿ. ತೋಟದೊಳಗಿನ ದಾರಿಯನ್ನೂ ನೋಡಬೇಕೆಂದರೆ ನಮ್ಮ ಮನೆಗೆ ಬರಲಿ, ಏರಿನ ಕೆಳಗೆ ಪಾಚಿ ಎಲ್ಲಿ ಹೆಚ್ಚು ಜಾರುತ್ತದೆಂದು ನಾನೇ ತೋರಿಸುತ್ತೇನೆ.

— ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು