ಹಳೆಯ ಆಟಗಳ ತಿದ್ದುಪಡಿಯನ್ನು ಕಳ್ಳ ಪ್ರತಿಗಳ ಸಾಲಿಗೆ ಸೇರಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಕ್ಕಳು ಮತ್ತು ವಿಡಿಯೊ ಗೇಮ್ ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರ ಬಹುಪಾಲು ಮಾತುಗಳಿಗೆ ನನ್ನ ತಕರಾರಿಲ್ಲ. ಆದರೆ ಕೊನೆಯ ಭಾಗದಲ್ಲಿ ಲೇಖಕರು, ಜಪಾನಿನ ನಿಂಟೆಂಡೊ ಮತ್ತು ಸೆಗಾ ಕಂಪನಿಗಳ ಹಳೆಯ ವಿಡಿಯೊ ಆಟಗಳನ್ನು ಅಭಿಮಾನಿಗಳು ತಿದ್ದಿ ಹೊಸ ರೂಪ ಕೊಡುವುದನ್ನೂ ಸಿನಿಮಾದ ಕಳ್ಳ ಪ್ರತಿ ಮಾರುವುದನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿ, ಎರಡೂ ಒಂದೇ ಬಗೆಯ ಅಪರಾಧವೆಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳು ಇಷ್ಟೊಂದಿರುವ ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ತೀರ್ಪು ಪತ್ರಿಕೆಯ ಪುಟದಲ್ಲಿಯೇ ಉಳಿಯುವುದಿಲ್ಲ, ಸ್ಟಾಫ್ ರೂಮಿಗೂ ಹೋಗುತ್ತದೆ. ಆದ್ದರಿಂದ ಈ ಪತ್ರ.

ತಿದ್ದುಪಡಿ ಎಂದರೆ ಏನು ನಡೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಹಳೆಯ ಆಟವೊಂದು ಕ್ಯಾಸೆಟ್ಟಿನೊಳಗಿನ ಚಿಪ್ಪಿನಲ್ಲಿ ಅಚ್ಚಾಗಿರುವ ಅಂಕಿಗಳ ಸಾಲು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಇಡಿಯಾಗಿ 40 ಕಿಲೊಬೈಟ್. ಅದರಲ್ಲಿ 32 ಆಟದ ಪ್ರೋಗ್ರಾಮಿಗೆ, 8 ಚಿತ್ರಗಳಿಗೆ. ಇಂದು ನಾವು ಮೊಬೈಲಿನಲ್ಲಿ ಕಳಿಸುವ ಒಂದು ಸಾಧಾರಣ ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸುವುದಕ್ಕಾಗಿ ಅದರ ರಚನಕಾರರು ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕಾರವನ್ನು ಬಳಸಿ ಬಣ್ಣವನ್ನಷ್ಟೇ ಬದಲಿಸಿದ್ದರು ಎಂಬುದು ಆಟವಾಡಿದವರಲ್ಲಿ ಎಷ್ಟೋ ಮಂದಿಗೆ ಇಂದಿಗೂ ಗೊತ್ತಿಲ್ಲ. ತಿದ್ದುವವರ ಕೈಯಲ್ಲಿ ಮೂಲ ಪ್ರೋಗ್ರಾಮಿನ ಬರಹ ಇರುವುದಿಲ್ಲ. ಅವರು ಈ ಅಂಕಿಗಳನ್ನೇ ಓದಿ, ಆಟಗಾರನ ಜೀವಗಳ ಎಣಿಕೆ ಯಾವ ವಿಳಾಸದಲ್ಲಿದೆ (ಅಂದರೆ ಸಾಲಿನ ಎಷ್ಟನೆಯ ಜಾಗದಲ್ಲಿದೆ), ಹಂತಗಳ ನಕ್ಷೆ ಯಾವ ಕ್ರಮದಲ್ಲಿದೆ, ಪರದೆಯ ಮೇಲೆ ಬರುವ ಮಾತುಗಳನ್ನು ಯಾವ ಸಂಕೇತದಲ್ಲಿ ಬರೆದಿಟ್ಟಿದ್ದಾರೆ ಎಂಬುದನ್ನು ಒಂದೊಂದಾಗಿ ಪತ್ತೆ ಹಚ್ಚುತ್ತಾರೆ, ಆಮೇಲೆ ಬೇಕಾದಲ್ಲಿ ಬೇಕಾದಷ್ಟನ್ನು ಬದಲಿಸುತ್ತಾರೆ.

ಹೀಗೆ ಬದಲಿಸಿದ ಮೇಲೆ ಅವರು ಹಂಚುವುದು ಆಟವನ್ನಲ್ಲ, ಪ್ಯಾಚ್ ಎಂಬ ಚಿಕ್ಕ ಫೈಲನ್ನು. ಬಹಳ ಕಾಲದಿಂದ ಬಳಕೆಯಲ್ಲಿರುವ ಐಪಿಎಸ್ ಎಂಬ ಮಾದರಿಯ ಪ್ಯಾಚಿನಲ್ಲಿ ಇರುವುದು ಇಷ್ಟೇ: ಇಂಥ ವಿಳಾಸಕ್ಕೆ ಹೋಗು, ಅಲ್ಲಿಂದ ಇಷ್ಟು ಬೈಟುಗಳ ಜಾಗದಲ್ಲಿ ಈ ಹೊಸ ಬೈಟುಗಳನ್ನು ಬರೆ. ವಿಳಾಸಕ್ಕೆ ಮೂರೇ ಬೈಟು ಮೀಸಲಿರುವುದರಿಂದ 16 ಮೆಗಾಬೈಟಿಗಿಂತ ದೊಡ್ಡ ಆಟಕ್ಕೆ ಅದು ಒದಗುವುದಿಲ್ಲ. ಆಮೇಲೆ ಬಂದ ಬಿಪಿಎಸ್ ಮಾದರಿ ಇನ್ನೂ ಕಟ್ಟುನಿಟ್ಟಿನದು. ಮೂಲ ಆಟದ ಬೈಟುಗಳಿಂದ ತಾಳೆ ನೋಡುವ ಒಂದು ಮೊತ್ತವನ್ನು ಲೆಕ್ಕ ಹಾಕಲಾಗುತ್ತದೆ; ಪ್ಯಾಚಿನಲ್ಲಿ ಬರೆದಿಟ್ಟ ಮೊತ್ತಕ್ಕೆ ಅದು ಸರಿಹೊಂದದಿದ್ದರೆ ಪ್ಯಾಚ್ ಕೆಲಸವನ್ನೇ ಮಾಡುವುದಿಲ್ಲ. ಮೂಲ ಆಟ ನಿಮ್ಮಲ್ಲಿಲ್ಲದಿದ್ದರೆ ಪ್ಯಾಚಿನಿಂದ ಒಂದು ಚಿತ್ರವೂ ಮೂಡದು. ಸಿನಿಮಾದ ಕಳ್ಳ ಪ್ರತಿ ಕೊಂಡವನು ಚಿತ್ರಮಂದಿರಕ್ಕೆ ಹೋಗಬೇಕಿಲ್ಲ. ಪ್ಯಾಚ್ ಪಡೆದವನಿಗೆ ಮೂಲ ಕೃತಿ ಬೇಕೇಬೇಕು. ಲೇಖಕರು ಗಮನಿಸದೆ ಬಿಟ್ಟದ್ದು ಈ ವ್ಯತ್ಯಾಸವನ್ನು.

ಅವರಿಗೆ ಗೊಂದಲವಾದದ್ದು ಸಹಜವೇ. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ನನ್ನಂಥವರು ಆಡಿದ ಆಟಗಳೆಲ್ಲ ಹೆಚ್ಚುಕಡಿಮೆ ತಿದ್ದಿದವೇ ಆಗಿದ್ದವು, ಮತ್ತು ಅವು ನಿಜಕ್ಕೂ ಕಳ್ಳ ಪ್ರತಿಗಳೇ. ನಿಂಟೆಂಡೊ ಕಂಪನಿಯ ಯಂತ್ರವನ್ನು ಅನುಕರಿಸಿದ ಅಗ್ಗದ ಯಂತ್ರಗಳು, ಅವುಗಳ ಜೊತೆಗೆ ‘9999 ಇನ್ 1’ ಎಂದು ಬರೆದ ಹಳದಿ ಕ್ಯಾಸೆಟ್ಟುಗಳು ನಮ್ಮ ಪೇಟೆಗೆ ಬರುತ್ತಿದ್ದವು. ಪಟ್ಟಿಯ ಪುಟಗಳನ್ನು ಸರಿಸುತ್ತ ಹೋದರೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಎದುರಾಗುತ್ತಿದ್ದವು: ಒಂದರಲ್ಲಿ ಮಾರಿಯೊ ನಡುವಿನ ಹಂತದಿಂದ ಶುರುವಾಗುತ್ತಿದ್ದ, ಇನ್ನೊಂದರಲ್ಲಿ ‘ಕಾಂಟ್ರಾ’ ಎಂಬ ಗುಂಡಿನ ಕಾಳಗದ ಆಟದ ಸೈನಿಕನಿಗೆ ಮೂರರ ಬದಲು ಮೂವತ್ತು ಜೀವ. ಆ ಮೂವತ್ತು ಜೀವಗಳನ್ನು ಮೂಲ ಆಟದಲ್ಲಿ ಗುಪ್ತ ಸಂಕೇತ ಒತ್ತಿ ಪಡೆಯಬೇಕಿತ್ತೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆದರೆ ಅಲ್ಲಿ ದೋಷ ಇದ್ದದ್ದು ಇಡೀ ಆಟವನ್ನು ನಕಲು ಮಾಡಿ ಹಣಕ್ಕೆ ಮಾರಿದ್ದರಲ್ಲಿ. ಒಂದು ಬೈಟನ್ನೂ ತಿದ್ದದೆ ಮಾರಿದ್ದರೂ ಅದು ಅಷ್ಟೇ ತಪ್ಪಾಗುತ್ತಿತ್ತು.

ಹಣದ ಆಸೆಯಿಲ್ಲದೆ ನಡೆದ ತಿದ್ದುಪಡಿಗಳ ಕಥೆಯೇ ಬೇರೆ. 1995ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ‘ಸೈಕೆನ್ ಡೆನ್ಸೆಟ್ಸು 3’ ಎಂಬ ಆಟವನ್ನು ಜಪಾನಿ ಭಾಷೆಯಲ್ಲಿ ಮಾತ್ರ ಹೊರತಂದಿತು. ಅಭಿಮಾನಿಗಳ ಇಂಗ್ಲಿಷ್ ಅನುವಾದದ ಪ್ಯಾಚ್ 2000ದಲ್ಲಿ ಬಂತು. ಕಂಪನಿಯ ಅಧಿಕೃತ ಇಂಗ್ಲಿಷ್ ಆವೃತ್ತಿ ಬರಲು 2019ರವರೆಗೆ ಕಾಯಬೇಕಾಯಿತು. ಈ ನಡುವಿನ ವರ್ಷಗಳಲ್ಲಿ ಜಪಾನಿನ ಹೊರಗೆ ಆ ಆಟಕ್ಕೆ ಹೆಸರು ಬಂದದ್ದು, ಅಧಿಕೃತ ಆವೃತ್ತಿಗಾಗಿ ಕಾಯುವ ಓದುಗ-ಆಟಗಾರರ ಬಳಗ ಹುಟ್ಟಿದ್ದು ಬಹುಮಟ್ಟಿಗೆ ಆ ಪ್ಯಾಚಿನಿಂದಲೇ ಎಂಬುದು ನನ್ನ ಅಭಿಪ್ರಾಯ. 2006ರ ‘ಮದರ್ 3’ ಆಟವನ್ನಂತೂ ನಿಂಟೆಂಡೊ ಇದುವರೆಗೂ ಇಂಗ್ಲಿಷಿನಲ್ಲಿ ತಂದಿಲ್ಲ. ವೃತ್ತಿಯಿಂದ ಅನುವಾದಕರಾದ ಕ್ಲೈಡ್ ಮ್ಯಾಂಡೆಲಿನ್ ಮತ್ತು ಅವರ ಸಂಗಡಿಗರು 2008ರಲ್ಲಿ ಬಿಡುಗಡೆ ಮಾಡಿದ ಪ್ಯಾಚೇ ಜಪಾನಿ ಬಾರದವರಿಗೆ ಇರುವ ದಾರಿ. ಭಾಷೆಯಲ್ಲದೆ ಯಂತ್ರಜ್ಞಾನದಲ್ಲೂ ಇಂಥ ಕೆಲಸ ನಡೆದಿದೆ. 1990ರಲ್ಲಿ ಸೂಪರ್ ನಿಂಟೆಂಡೊ ಯಂತ್ರಕ್ಕೆ ಬಂದ ‘ಗ್ರೇಡಿಯಸ್ 3’ ಆಟದಲ್ಲಿ ಪರದೆಯ ತುಂಬ ವೈರಿಗಳು ಬಂದರೆ ಆಟ ತೆವಳತೊಡಗುತ್ತಿತ್ತು. ಬ್ರೆಜಿಲಿನ ಒಬ್ಬ ಪ್ರೋಗ್ರಾಮರ್ 2019ರಲ್ಲಿ ಆ ಆಟದ ಲೆಕ್ಕಾಚಾರವನ್ನು ಎಸ್‌ಎ-1 ಎಂಬ ಸಹಾಯಕ ಚಿಪ್ಪಿಗೆ ವರ್ಗಾಯಿಸಿ ಆ ತೊಡಕನ್ನು ನಿವಾರಿಸಿದರು. ಆ ಚಿಪ್ಪು ಹೊರಗಿನದಲ್ಲ, ನಿಂಟೆಂಡೊ ತನ್ನದೇ ಯಂತ್ರದ ಕೆಲವು ಕ್ಯಾಸೆಟ್ಟುಗಳಲ್ಲಿ ಹಾಕುತ್ತಿದ್ದದ್ದು. ಮೂವತ್ತು ವರ್ಷದ ಹಿಂದಿನ ಎಂಜಿನಿಯರುಗಳ ಕೆಲಸವನ್ನು ಇಷ್ಟು ಗೌರವದಿಂದ ಓದಿದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಕಂಪನಿಗಳೆಲ್ಲ ಇದನ್ನು ಒಂದೇ ರೀತಿ ಕಂಡಿಲ್ಲ. ‘ಕ್ರೋನೊ ಟ್ರಿಗರ್’ ಆಟವನ್ನು ತಿದ್ದಿ ಅಭಿಮಾನಿಗಳು ವರ್ಷಗಟ್ಟಲೆ ಶ್ರಮದಿಂದ ಕಟ್ಟಿದ ‘ಕ್ರಿಮ್ಸನ್ ಎಕೋಸ್’ ಎಂಬ ಮುಂದುವರಿದ ಕಥೆಯನ್ನು, ಅದು ಮುಗಿಯುವ ಹೊತ್ತಿಗೆ, 2009ರಲ್ಲಿ ಸ್ಕ್ವೇರ್ ಎನಿಕ್ಸ್ ಕಂಪನಿ ನೋಟಿಸು ಕೊಟ್ಟು ನಿಲ್ಲಿಸಿತು. ಹಾಗೆ ನಿಲ್ಲಿಸುವ ಹಕ್ಕು ಅದಕ್ಕಿತ್ತು. ಅದು ಜಾಣತನವಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಸೆಗಾ ಇನ್ನೊಂದು ದಾರಿ ಹಿಡಿಯಿತು. 2016ರಲ್ಲಿ ತನ್ನ ಹಳೆಯ ಮೆಗಾ ಡ್ರೈವ್ ಯಂತ್ರದ ಆಟಗಳನ್ನು ಅಂತರ್ಜಾಲದ ಆಟದಂಗಡಿಯಾದ ಸ್ಟೀಮ್‌ನಲ್ಲಿ ಮಾರುವಾಗ, ಕೊಂಡವರು ತಮ್ಮ ತಿದ್ದುಪಡಿಗಳನ್ನು ಅಲ್ಲಿಯೇ ಹಂಚಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. 2017ರ ‘ಸಾನಿಕ್ ಮೇನಿಯಾ’ ಆಟವನ್ನು ಕ್ರಿಶ್ಚಿಯನ್ ವೈಟ್‌ಹೆಡ್ ಮೊದಲಾದ, ಅಭಿಮಾನಿಗಳಾಗಿಯೇ ಕೆಲಸ ಕಲಿತವರ ಕೈಗೆ ಒಪ್ಪಿಸಿತು. ಇನ್ನೂ ಹಿಂದೆ ಹೋದರೆ, ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ‘ಮಿಸ್ ಪ್ಯಾಕ್‌ಮನ್’ ಕೂಡ ಮೊದಲಿಗೆ ‘ಪ್ಯಾಕ್‌ಮನ್’ ಯಂತ್ರಕ್ಕೆ ಹೊರಗಿನವರು ಮಾಡಿದ ತಿದ್ದುಪಡಿ; ಅದನ್ನು ಮಿಡ್‌ವೇ ಕಂಪನಿ ಕೊಂಡು 1982ರಲ್ಲಿ ಹೊರತಂದಿತು.

ಗದುಗಿನ ನಾರಣಪ್ಪ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಲಿಲ್ಲವೇ ಎಂದು ಕೇಳಿ ಇಲ್ಲಿ ವಾದ ಗೆಲ್ಲಬಹುದಿತ್ತು. ಗೆಳೆಯರೊಬ್ಬರು ಹಾಗೆ ಬರೆಯಿರಿ ಎಂದು ಹೇಳಿದರು ಕೂಡ. ಆದರೆ ಆಗ ಹಕ್ಕುಸ್ವಾಮ್ಯದ ಕಾಯ್ದೆ ಇರಲಿಲ್ಲ, ಈಗ ಇದೆ; ಲೇಖಕರು ಅಪರಾಧವೆಂಬ ಮಾತನ್ನು ಎತ್ತಿರುವುದರಿಂದ ಕಾಯ್ದೆಯನ್ನೇ ನೋಡುವುದು ಮೇಲು. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 52(1)ರ ‘ಎಡಿ’ ಎಂಬ ಖಂಡದ ಪ್ರಕಾರ, ತಾನು ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವ್ಯಾಪಾರದ ಉದ್ದೇಶವಿಲ್ಲದ ಸ್ವಂತ ಬಳಕೆಗಾಗಿ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಮಾಡಿಕೊಳ್ಳುವುದಾಗಲಿ ಅದನ್ನು ಮಾರ್ಪಡಿಸಿಕೊಳ್ಳುವುದಾಗಲಿ ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. ಅದರ ಹಿಂದಿನ ‘ಎಸಿ’ ಖಂಡವು ಪ್ರೋಗ್ರಾಮಿನ ಒಳತತ್ತ್ವಗಳನ್ನು ತಿಳಿಯುವುದಕ್ಕಾಗಿ ಅದರ ನಡೆಯನ್ನು ಗಮನಿಸಿ ಅಭ್ಯಾಸ ಮಾಡುವುದಕ್ಕೂ ಎಡೆ ಕೊಟ್ಟಿದೆ. ಮತ್ತೊಂದು ಕಡೆ, ಕಲಂ 63ಬಿ ಅಡಿಯಲ್ಲಿ, ಕಳ್ಳ ಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವುದಕ್ಕೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡವಿದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವರಿಗೆ ನ್ಯಾಯಾಲಯ ವಿಶೇಷ ಕಾರಣ ಕೊಟ್ಟು ಸೆರೆವಾಸ ವಿಧಿಸದೆ, 50,000 ರೂಪಾಯಿಗಳವರೆಗಿನ ದಂಡವನ್ನಷ್ಟೇ ಹಾಕಬಹುದು. ಅಂದರೆ, ಎಲ್ಲಿಂದಲೋ ಇಳಿಸಿಕೊಂಡ ಆಟದ ಮೇಲೆ ಪ್ಯಾಚ್ ಹಚ್ಚಿ ಆಡುವವನಿಗೆ ಈ ಕಾಯ್ದೆಯ ಆಸರೆ ಇಲ್ಲ. ಪ್ಯಾಚನ್ನು ಊರಿಗೆಲ್ಲ ಹಂಚುವುದು ‘ಸ್ವಂತ ಬಳಕೆ’ಯೊಳಗೆ ಬರುತ್ತದೆಂದೂ ನಾನು ವಾದಿಸುವುದಿಲ್ಲ. ಆದರೆ ತನ್ನ ಕ್ಯಾಸೆಟ್ಟಿನ ಆಟವನ್ನು ತನ್ನ ಮನೆಯಲ್ಲಿ ತಿದ್ದಿಕೊಳ್ಳುವವನನ್ನು ಅಪರಾಧಿಯೆಂದು ಕರೆಯಲು ಈ ಕಾಯ್ದೆಯಲ್ಲಿ ಆಧಾರವಿಲ್ಲ.

ನಾನು ಇಷ್ಟು ಪಟ್ಟು ಹಿಡಿಯಲು ಒಂದು ಕಾರಣವಿದೆ. ನಮ್ಮ ಅಕ್ಕನ ಮಗ ಇಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಾನೆ. ಫ್ಯಾಮಿಕಾಮ್ ಎಂಬ ನಿಂಟೆಂಡೊದ ಎಂಬತ್ತರ ದಶಕದ ಯಂತ್ರದ ಹಳೆಯ ಆಟವೊಂದರ ಮಾತುಗಳನ್ನು ಕನ್ನಡಕ್ಕೆ ತರುವ ಪ್ರಾಜೆಕ್ಟನ್ನು ಅವನೂ ಅವನ ಗೆಳೆಯರೂ ಮುಂದಿಟ್ಟರು. ‘ಇದು ಪೈರಸಿ, ಬೇರೆ ವಿಷಯ ತನ್ನಿ’ ಎಂದು ಒಂದೇ ಮಾತಿನಲ್ಲಿ ಅದನ್ನು ತಳ್ಳಿಹಾಕಲಾಯಿತು. ಮೂಲ ಕ್ಯಾಸೆಟ್ಟು ಇವರ ಬಳಿ ಇದೆಯೇ ಎಂದು ಕೂಡ ಯಾರೂ ಕೇಳಲಿಲ್ಲ. ಇದ್ದಿತು.

ಆ ಪ್ರಾಜೆಕ್ಟಿನೊಳಗೆ ಎಷ್ಟು ಕಲಿಕೆಯಿತ್ತೆಂಬುದನ್ನು ನೋಡಿ. ಆ ಯಂತ್ರದ ಪರದೆ 256 ಪಿಕ್ಸೆಲ್ ಅಗಲ, 240 ಎತ್ತರ. ಅದರ ಮೇಲೆ ಏನನ್ನೇ ತೋರಿಸಬೇಕಾದರೂ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಬಿಲ್ಲೆಗಳಿಂದಲೇ ಜೋಡಿಸಬೇಕು, ಮತ್ತು ಹಿನ್ನೆಲೆಗೆ ಒಂದು ಸಲಕ್ಕೆ ಸಿಗುವುದು ಅಂಥ 256 ಬಿಲ್ಲೆಗಳ ಒಂದು ಪಟ್ಟಿ. ಇಂಗ್ಲಿಷಿನ ಒಂದು ಅಕ್ಷರ ಒಂದು ಬಿಲ್ಲೆಯಲ್ಲಿ ಕೂರುತ್ತದೆ. ಕನ್ನಡದಲ್ಲಿ 34 ವ್ಯಂಜನಗಳಿಗೆ 13 ಸ್ವರಗಳನ್ನು ಹಚ್ಚಿದರೇ ಗುಣಿತಾಕ್ಷರಗಳು 442 ಆಗುತ್ತವೆ. ಒತ್ತಕ್ಷರಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಲ್ಲದೆ ಎಂಟು ಪಿಕ್ಸೆಲ್ ಎತ್ತರದಲ್ಲಿ ‘ಸ್ತ್ರೀ’ ಅಥವಾ ‘ರಾಷ್ಟ್ರ’ ಎಂದು ಬರೆದು ಓದಿಸುವುದು ಆಗದ ಮಾತು. ಒಂದೊಂದು ಅಕ್ಷರಕ್ಕೆ ನಾಲ್ಕು ಬಿಲ್ಲೆ ಕೊಟ್ಟರೆ ಇಡೀ ಪಟ್ಟಿಯಲ್ಲಿ 64 ಅಕ್ಷರಗಳಷ್ಟೇ ಹಿಡಿಯುತ್ತವೆ, ಆಟದ ಗೋಡೆ, ಮರ, ಕಿಟಕಿಗಳಿಗೆ ಜಾಗವೇ ಉಳಿಯುವುದಿಲ್ಲ.

ಹುಡುಗರು ಕಂಡುಕೊಂಡ ದಾರಿ ಜಪಾನಿನವರದೇ. ಅನೇಕ ಫ್ಯಾಮಿಕಾಮ್ ಆಟಗಳಲ್ಲಿ ಜಪಾನಿ ಅಕ್ಷರದ ಪಕ್ಕಕ್ಕೆ ಬರಬೇಕಾದ ಎರಡು ಪುಟ್ಟ ಗೀರುಗಳನ್ನು ಅಕ್ಷರದೊಳಗೆ ಬರೆಯದೆ, ಅದರ ಮೇಲಿನ ಸಾಲಿನಲ್ಲಿ ಬೇರೊಂದು ಬಿಲ್ಲೆಯಾಗಿ ಇಡುತ್ತಿದ್ದರು. ಇದರಿಂದ ಒಂದೇ ಗೀರಿನ ಬಿಲ್ಲೆ ಎಲ್ಲ ಅಕ್ಷರಗಳಿಗೂ ಒದಗುತ್ತಿತ್ತು. ಹಾಗೆಯೇ ಕನ್ನಡದ ಒತ್ತುಗಳನ್ನು ಕೆಳಗಿನ ಸಾಲಿನ ಬಿಲ್ಲೆಗಳಾಗಿಯೂ ತಲೆಕಟ್ಟು, ಗುಡಿಸುಗಳನ್ನು ಬೇರೆ ತುಂಡುಗಳಾಗಿಯೂ ಒಡೆದರೆ, ಹಾಗೂ ಆ ಸಂಭಾಷಣೆಗೆ ಬೇಕಾದ ತುಂಡುಗಳನ್ನಷ್ಟೇ ಆಗಿಂದಾಗ ತುಂಬಿಕೊಂಡರೆ, ಸಾಲು ಓದುವಂತಾಗುತ್ತದೆ. ಕೊಂಬು, ಕೊಂಬಿನ ದೀರ್ಘಗಳು ಮಾತ್ರ ತಕರಾರು ತೆಗೆಯುತ್ತವೆ. ಇದಾದ ಮೇಲೆ ಪ್ರತಿಯೊಂದು ವಾಕ್ಯದ ವಿಳಾಸವನ್ನು ಎರಡೆರಡು ಬೈಟುಗಳಲ್ಲಿ ಹಿಡಿದಿಟ್ಟಿರುವ ಪಟ್ಟಿಯಿದೆ. ಕನ್ನಡದ ವಾಕ್ಯ ಉದ್ದವಾದಷ್ಟೂ ಅದರ ನಂತರದ ವಿಳಾಸಗಳನ್ನೆಲ್ಲ ಸರಿಸಬೇಕು. ಮೂಲದವರೂ ಜಾಗಕ್ಕಾಗಿ ಕಡಿಮೆ ಒದ್ದಾಡಿರಲಿಲ್ಲ. 1986ರ ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ ಆಟದಲ್ಲಿ ಜಪಾನಿ ಭಾಷೆಯ ಕತಕಾನ ಲಿಪಿಯ 20 ಅಕ್ಷರಗಳನ್ನು ಮಾತ್ರ ಇಟ್ಟುಕೊಂಡು, ಊರು, ರಾಕ್ಷಸರ ಹೆಸರುಗಳನ್ನೆಲ್ಲ ಅವುಗಳಲ್ಲೇ ಹೊಂದಿಸಿದ್ದರು. ಲಿಪಿ, ಸ್ಮರಣೆ, ಯಂತ್ರಭಾಷೆ ಮೂರನ್ನೂ ಒಟ್ಟಿಗೆ ಕಲಿಸುವ ಇಂಥ ಅಭ್ಯಾಸ ನಮ್ಮ ಪಠ್ಯಕ್ರಮದಲ್ಲಿ ಬೇರೆಲ್ಲಿ ಸಿಗುತ್ತದೆ? ಹಾಜರಾತಿ ದಾಖಲಿಸುವ ಆ್ಯಪ್ ಪ್ರತಿ ವರ್ಷ ಎಲ್ಲ ಕಾಲೇಜಿನಲ್ಲೂ ಮಾಡಿಸುತ್ತಾರೆ.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ, ನಮ್ಮ ಅವಳಿ ನಗರದ ಕಾಲೇಜುಗಳಲ್ಲಿ ಇನ್ನೊಂದು. ಪತ್ರಿಕೆಯಲ್ಲಿ ಈ ವಿಷಯ ಮತ್ತೆ ಬಂದಾಗ, ಇಡೀ ಆಟವನ್ನು ಹಂಚಿದರೇ ಅಥವಾ ಪ್ಯಾಚನ್ನಷ್ಟೇ ಕೊಟ್ಟರೇ, ಅದಕ್ಕೆ ಹಣ ಪಡೆದರೇ ಎಂಬುದನ್ನು ವರದಿಗಾರರು ವಿಚಾರಿಸಿ ಬರೆಯಲಿ. ಕಾಲೇಜುಗಳು, ಮೂಲ ಕ್ಯಾಸೆಟ್ಟನ್ನು ವಿದ್ಯಾರ್ಥಿಗಳು ಪ್ರಾಜೆಕ್ಟಿನ ಆರಂಭದಲ್ಲಿಯೇ ತೋರಿಸಬೇಕು, ಆಟದ ಫೈಲು ಪ್ರಯೋಗಾಲಯದ ಒಂದು ಕಂಪ್ಯೂಟರಿನಿಂದ ಆಚೆ ಹೋಗಬಾರದು, ವರದಿಯ ಜೊತೆಗೆ ತಾವೇ ಬಿಡಿಸಿದ ಅಕ್ಷರಗಳನ್ನೂ ತಾವೇ ಬರೆದ ಪ್ರೋಗ್ರಾಮನ್ನೂ ಮಾತ್ರ ಒಪ್ಪಿಸಬೇಕು ಎಂಬ ಷರತ್ತುಗಳನ್ನು ಹಾಕಿ ಅನುಮತಿ ಕೊಡಲಿ. ಪ್ರಾಜೆಕ್ಟುಗಳ ವಿಷಯ ಆಯ್ಕೆಗೆ ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಅವಕಾಶವಿದೆ. ಹುಡುಗರು ತಮ್ಮ ಅರ್ಜಿಯನ್ನು ಈ ಷರತ್ತುಗಳೊಂದಿಗೆ ತಿದ್ದಿ ಇಟ್ಟುಕೊಂಡಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ,
ವಿದ್ಯಾನಗರ, ಹುಬ್ಬಳ್ಳಿ